ಮ್ಯಾಜಿಕ್ ಅಲ್ಲ ಮಾರಾಯ್ರೇ, ಮೆಟಾಕ್ಲಾಸ್!

ಜಾಂಗೋ ಅಂದ್ರೆ ಪೈಥಾನ್ ಭಾಷೇಲಿ ವೆಬ್‌ಸೈಟ್ ಕಟ್ಟೋ ಸಲಕರಣೆ. ಅದ್ರಲ್ಲಿ ಪುಸ್ತಕ ಅಂತ ಒಂದು ಮಾಡೆಲ್ (ಡೇಟಾ ಹೇಗಿರ್ಬೇಕು ಅನ್ನೋ ನಕ್ಷೆ) ಬರ್ದು, ಜಾಂಗೋ ರೆಸ್ಟ್ ಫ್ರೇಮ್‌ವರ್ಕ್ ಅನ್ನೋ ಜೋಡಣೆ ಸೇರಿಸಿ, ಡೇಟಾನ ಕಳ್ಸೋ ರೂಪಕ್ಕೆ ತರೋ ನಾಲ್ಕು ಸಾಲು ಸೀರಿಯಲೈಸರ್, ಬಂದ ಕೋರಿಕೆಗೆ ಉತ್ತರ ಕೊಡೋ ಮೂರು ಸಾಲು ವ್ಯೂಸೆಟ್, ವಿಳಾಸ ಹಂಚೋ ರೌಟರ್‌ನಲ್ಲಿ ಒಂದು ರಿಜಿಸ್ಟರ್. ಅಷ್ಟಕ್ಕೇ ಡೇಟಾಬೇಸ್ ಟೇಬಲ್‌ನಲ್ಲಿರೋ ಪುಸ್ತಕ ಎಲ್ಲಾ ಜೇಸನ್ (ಪ್ರೋಗ್ರಾಂಗಳು ಡೇಟಾ ಹಂಚ್ಕೊಳ್ಳೋ ಪಠ್ಯ ರೂಪ) ಆಗಿ ಬ್ರೌಸರ್‌ಗೆ ಬಂದುಬಿಡತ್ತೆ. ಹೊಸಬ್ರು ಇದನ್ನ ನೋಡಿ "ಒಳಗೆ ಏನೋ ಮ್ಯಾಜಿಕ್ ಬಿಡಿ" ಅಂತಾರೆ, ಈ ಮಾತು ಕೇಳಿದ್ರೆ ನಂಗೆ ಸುಮ್ನಿರೋಕಾಗಲ್ಲ. ಒಳಗೆ ನಡೆಯೋದು ಮ್ಯಾಜಿಕ್‌ಗಿಂತ ಚೆಂದ ಇದೆ.

ನಾವು ಬರ್ದ ಮಾಡೆಲ್ ಒಂದು ಕ್ಲಾಸ್, ಅಂದ್ರೆ ಆಬ್ಜೆಕ್ಟ್‌ಗಳನ್ನ ಮಾಡೋ ಅಚ್ಚು. ಪೈಥಾನ್‌ನಲ್ಲಿ ಕ್ಲಾಸ್ ಅನ್ನೋದೂ ಒಂದು ಆಬ್ಜೆಕ್ಟೇ, ಪ್ರೋಗ್ರಾಂ ಓಡ್ತಿರೋವಾಗ್ಲೇ ಅದು ಹುಟ್ಟತ್ತೆ. ಹುಟ್ಟಿಸೋಳು ಮೆಟಾಕ್ಲಾಸ್, ಜಾಂಗೋದಲ್ಲಿ ಅವಳ ಹೆಸರು ಮಾಡೆಲ್‌ಬೇಸ್. ಥೇಟ್ ಸೂಲಗಿತ್ತಿ. ಮಗು ಹೊರಗೆ ಬರ್ತಿದ್ದಂಗೆ ತಲೆಯಿಂದ ಕಾಲಿನವರೆಗೆ ನೋಡಿ, ಶೀರ್ಷಿಕೆಗೆ ಕ್ಯಾರ್‌ಫೀಲ್ಡ್ (ಅಕ್ಷರಗಳ ಜಾಗ), 200 ಅಕ್ಷರ ಮೀರಬಾರ್ದು, ವರ್ಷಕ್ಕೆ ಇಂಟಿಜರ್‌ಫೀಲ್ಡ್ (ಪೂರ್ಣ ಸಂಖ್ಯೆಯ ಜಾಗ), ಲೇಖಕರ ಕಡೆಗೆ ಫಾರಿನ್ ಕೀ (ಇನ್ನೊಂದು ಟೇಬಲ್‌ಗೆ ಕೊಂಡಿ) ಅಂತ ಎಲ್ಲಾ ಗುರುತು ಮಾಡ್ಕೊಂಡು, ಅಂಡರ್‌ಸ್ಕೋರ್ ಮೆಟಾ ಅನ್ನೋ ಚೀಲಕ್ಕೆ ತುಂಬಿ ಮಗು ಸೊಂಟಕ್ಕೇ ಕಟ್ಟಿಬಿಡ್ತಾಳೆ.

ಆಮೇಲೆ ಬಂದೋರೆಲ್ಲ ಆ ಚೀಲನೇ ಬಿಚ್ಚಿ ನೋಡೋದು. ಡೇಟಾಬೇಸ್ ಸಿದ್ಧ ಮಾಡೋ ಮೈಗ್ರೇಶನ್ ಅದನ್ನ ನೋಡಿ ಟೇಬಲ್ ಕಟ್ಟತ್ತೆ, ಸೈಟ್ ನಿರ್ವಹಣೆಯ ಅಡ್ಮಿನ್ ಪುಟ ನೋಡಿ ಫಾರಂ ಬಿಡ್ಸತ್ತೆ, ಸೀರಿಯಲೈಸರ್ ನೋಡಿ ಜೇಸನ್ ಮಾಡತ್ತೆ, ಜೊತೆಗೆ ಯಾರಾದ್ರೂ 201 ಅಕ್ಷರ ಕಳ್ಸಿದ್ರೆ ಬಾಗಿಲಲ್ಲೇ ವಾಪಸ್ ಕಳ್ಸತ್ತೆ. ಚಕ್ಕುಲಿ ಒರಳು ನೆನಪು ಮಾಡ್ಕೊಳ್ಳಿ, ಹಿಟ್ಟು ಒಂದೇ, ಬಿಲ್ಲೆ ಬದಲಾಯಿಸಿದ್ರೆ ಚಕ್ಕುಲಿ, ಇನ್ನೊಂದು ಹಾಕಿದ್ರೆ ಖಾರಾಸೇವೆ.

ಇದರ ಹಿಂದೆ ಎರಡು ದೊಡ್ಡ ಐಡಿಯಾ ಇವೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಡೇಟಾನ ಸಾಲು-ಕಾಲಂಗಳ ಸಂಬಂಧವಾಗಿ ನೋಡಿ ಅಂದ್ರು. 2000ದಲ್ಲಿ ರಾಯ್ ಫೀಲ್ಡಿಂಗ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವೆಬ್ ಕಟ್ಟೋ ಒಂದು ಶೈಲಿಗೆ ರೆಸ್ಟ್ ಅನ್ನೋ ಹೆಸರು ಕೊಟ್ರು, ಪ್ರತಿ ವಸ್ತುಗೂ ಒಂದು ವಿಳಾಸ, ಎಲ್ಲಕ್ಕೂ ಅವೇ ನಾಲ್ಕೈದು ಕ್ರಿಯೆ. ವೆಬ್‌ನಿಂದ ಗೆಟ್ (ಕೊಡಿ) ಬಂದ್ರೆ ಡೇಟಾಬೇಸ್‌ಗೆ ಸೆಲೆಕ್ಟ್ (ಓದು), ಪೋಸ್ಟ್ (ಇಟ್ಕೊಳ್ಳಿ) ಬಂದ್ರೆ ಇನ್ಸರ್ಟ್ (ಸೇರಿಸು) ಅಂತ ಈ ಎರಡನ್ನ ಹೊಲಿಯೋದೇ ವ್ಯೂಸೆಟ್ ಕೆಲಸ. ಅಂದಹಾಗೆ ಜಾಂಗೋ ಹುಟ್ಟಿದ್ದು ಸಾಫ್ಟ್‌ವೇರ್ ಕಂಪನೀಲಲ್ಲ, ಅಮೆರಿಕದ ಕ್ಯಾನ್ಸಸ್‌ನ ಲಾರೆನ್ಸ್ ಅನ್ನೋ ಊರಿನ ಪೇಪರ್ ಆಫೀಸಲ್ಲಿ, 2003ರಲ್ಲಿ! ಡೆಡ್‌ಲೈನ್ ಒಳಗೆ ಸೈಟ್ ಎಬ್ಬಿಸಬೇಕಿತ್ತು ಅವ್ರಿಗೆ. ಹೆಸರು ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ದು, ಬೆಂಕೀಲಿ ಎಡಗೈಯ ಎರಡು ಬೆರಳು ಸುಟ್ಟು ಸೆಟೆದುಹೋದ್ಮೇಲೂ ಅಂಥಾ ಸಂಗೀತ ನುಡಿಸಿದ ಪುಣ್ಯಾತ್ಮ.

ಮ್ಯಾಜಿಕ್ ಅಂತ ನಂಬಿದ್ರೆ ತೊಂದ್ರೆ ಎಲ್ಲಿ ಬರತ್ತೆ ಗೊತ್ತಾ? ಸೀರಿಯಲೈಸರ್‌ನಲ್ಲಿ ಯಾವ ಫೀಲ್ಡ್ ಬೇಕು ಅಂತ ಕೇಳೋ ಕಡೆ ಸುಲಭಕ್ಕೆ "ಆಲ್" ಅಂತ ಹಾಕಿಬಿಡ್ತಾರೆ. ಚೀಲದಲ್ಲಿ ಏನೇನಿದೆ ಅಂತ ಸೀರಿಯಲೈಸರ್‌ಗೆ ಗೊತ್ತು, ಯಾವುದು ಮನೆಯೊಳಗಿನ ಮಾತು ಅಂತ ಗೊತ್ತಿಲ್ಲ. ಯೂಸರ್ ಮಾಡೆಲ್‌ಗೆ ಹಾಗೆ ಮಾಡಿ ನೋಡಿ, ಪಾಸ್‌ವರ್ಡ್‌ನ ಹ್ಯಾಶ್ (ಕಲಸಿ ಗುರುತು ಸಿಗದಂಗೆ ಮಾಡಿಟ್ಟ ರೂಪ) ಕೂಡ ಜೇಸನ್ ಜೊತೆ ಹೊರಗೆ ಹೋಗತ್ತೆ. ಐಡಿ, ಯೂಸರ್‌ನೇಮ್ ಅಂತ ಬೇಕಾದ್ದಷ್ಟನ್ನೇ ಕೈಯಾರೆ ಬರೀರಿ, ಅರ್ಧ ನಿಮಿಷದ ಕೆಲಸ.