ಮಲ್ಲೇಶ್ವರವನ್ನು ಕಟ್ಟಿಸಿದ್ದು ಪ್ಲೇಗೇ?

ಪ್ರಶ್ನೆ: ಬೆಂಗಳೂರಿನ ಮಲ್ಲೇಶ್ವರ ಬಡಾವಣೆ 1898ರ ಪ್ಲೇಗಿನಿಂದಾಗಿ ಹುಟ್ಟಿತು ಎಂದು ಕೇಳುತ್ತಾ ಬೆಳೆದಿದ್ದೇವೆ. ಆದರೆ ಅಲ್ಲಿನ ಕಾಡು ಮಲ್ಲೇಶ್ವರ ದೇವಸ್ಥಾನ ಅದಕ್ಕಿಂತ ಎಷ್ಟೋ ಹಳೆಯದು. ಹಾಗಾದರೆ ನಿಜ ಯಾವುದು?

ಉತ್ತರ: ಪ್ಲೇಗು ಮಲ್ಲೇಶ್ವರಕ್ಕೆ ಜನರನ್ನು ತಂದು ತುಂಬಿತು. ಬಡಾವಣೆಯ ಯೋಜನೆ ಮಾತ್ರ ಪ್ಲೇಗಿಗಿಂತ ಹಲವು ವರ್ಷ ಮೊದಲಿನದು. ಹೆಸರಂತೂ ಇವೆರಡಕ್ಕಿಂತ ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಈ ಮೂರೂ ಕಲೆಸಿಹೋಗಿರುವುದರಿಂದಲೇ ಗೊಂದಲ.

ಹೆಸರಿನಿಂದಲೇ ತೊಡಗೋಣ. 1669ರ ಶಾಸನವೊಂದು ಮಲ್ಲಪುರ ಎಂಬ ಹಳ್ಳಿಯನ್ನು ಹೆಸರಿಸುತ್ತದೆ. ಬಿಜಾಪುರದ ಸುಲ್ತಾನರಿಂದ ಷಹಾಜಿಗೆ ಬಂದಿದ್ದ ಬೆಂಗಳೂರಿನ ಜಹಗೀರು ಆಗ ಅವನ ಮಗ, ಶಿವಾಜಿಯ ಮಲತಮ್ಮ ಏಕೋಜಿಯ ಕೈಯಲ್ಲಿತ್ತು. ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ಏಕೋಜಿ ದತ್ತಿ ಬಿಟ್ಟ ಸಂಗತಿ ಆ ಶಾಸನದಲ್ಲಿದೆ. ಪೇಟೆಯ ಕೋಟೆಗೋಡೆಯಿಂದ ಬಹು ದೂರ, ಮರಗಿಡಗಳ ನಡುವೆ ಇದ್ದ ಈ ದೇವರನ್ನು ಜನ ಕಾಡು ಮಲ್ಲೇಶ್ವರ ಎಂದು ಕರೆದರು. ಇಂದಿಗೂ ಆ ಆವರಣದಲ್ಲಿ ನಿಂತರೆ ಕಾಡು ಎಂಬ ಮಾತು ಸುಳ್ಳೆನಿಸುವುದಿಲ್ಲ. ದೇವಸ್ಥಾನದ ಎದುರಿನ ನೆಲದೊಳಗೆ ಏನಿದೆ ಎಂಬುದು ಮಾತ್ರ ಬಹುಕಾಲ ಮರೆತೇಹೋಗಿತ್ತು. 1997ರಲ್ಲಿ ಅಲ್ಲಿ ಮಣ್ಣು ತೆಗೆದಾಗ ಕಲ್ಯಾಣಿಯೊಂದು ಕಾಣಿಸಿತು. ನಂದಿಯ ಬಾಯಿಂದ ನೀರು ಕೆಳಗಿನ ಲಿಂಗದ ಮೇಲೆ ಬಿದ್ದು, ಅಲ್ಲಿಂದ ಕಲ್ಯಾಣಿಗೆ ಹರಿಯುತ್ತದೆ. ಇದೇ ಈಗಿನ ದಕ್ಷಿಣಮುಖ ನಂದಿ ತೀರ್ಥ.

ಇನ್ನು ಬಡಾವಣೆಯ ಮಾತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬೆಂಗಳೂರಿನ ಪೇಟೆ ಉಸಿರುಗಟ್ಟುವಷ್ಟು ತುಂಬಿತ್ತು. ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು; ಮುಂದೆ ಅಂಗಡಿ, ಹಿಂದೆ ಸಂಸಾರ, ಚರಂಡಿ ನಡುಬೀದಿಯಲ್ಲಿ. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಎಂದು ಎರಡು ವಿಸ್ತರಣೆಗಳನ್ನು ಮೈಸೂರು ಸರ್ಕಾರ ಯೋಚಿಸಿದ್ದು ಈ ಇಕ್ಕಟ್ಟನ್ನು ಸಡಿಲಿಸಲು. ಎರಡಕ್ಕೂ ಆಯಾ ಜಾಗದ ದೇವರ ಹೆಸರೇ ಬಂತು. ಹಿರಿಯರು ಇಂದಿಗೂ ಬಡಾವಣೆಗೆ ‘ಎಕ್ಸ್‌ಟೆನ್ಷನ್’ ಎನ್ನುವುದು ಆ ಕಾಲದ ಕಡತದ ಭಾಷೆ.

ಆಮೇಲೆ 1898ರ ಆಗಸ್ಟ್ ಬಂತು. ಮುಂಬೈಯಲ್ಲಿ ಎರಡು ವರ್ಷ ಮೊದಲೇ ಕಾಣಿಸಿಕೊಂಡಿದ್ದ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಇಳಿಯಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಜನ ಪಾತ್ರೆ ಪಡಗ ಹೊತ್ತು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಗರದ ಹಲವೆಡೆ ಇರುವ ಪ್ಲೇಗಮ್ಮನ ಗುಡಿಗಳು ಆ ಭಯದ ಗುರುತು. ಅಲ್ಲಿಯವರೆಗೆ ‘ಅಷ್ಟು ದೂರ ಕಾಡಿಗೆ ಯಾರು ಹೋಗುತ್ತಾರೆ’ ಎನ್ನುತ್ತಿದ್ದವರಿಗೂ ಗಾಳಿ ಬೆಳಕಿನ ನಿವೇಶನ ಈಗ ಪ್ರಾಣದ ಪ್ರಶ್ನೆಯಾಯಿತು. ಮನೆಗಳು ಎದ್ದದ್ದನ್ನು ಕಂಡವರ ನೆನಪಿನಲ್ಲಿ ಪ್ಲೇಗು ಮತ್ತು ಬಡಾವಣೆ ಒಂದೇ ಆದದ್ದು ಸಹಜ.

ಪ್ಲೇಗಿನಿಂದಲೇ ಹುಟ್ಟಿದ ಬಡಾವಣೆಯನ್ನು ನೋಡಬೇಕೆಂದರೆ ದಂಡು ಪ್ರದೇಶಕ್ಕೆ, ಅಂದರೆ ಫ್ರೇಜರ್ ಟೌನಿಗೆ ಹೋಗಬೇಕು. ಇಲಿ ನುಸುಳದಂತೆ ಕಟ್ಟಿದ ‘ಪ್ಲೇಗ್ ನಿರೋಧಕ’ ಮನೆಗಳೊಂದಿಗೆ ಅದು 1910ರಲ್ಲಿ ತೆರೆಯಿತು. ಈಗಿನ ಅಧಿಕೃತ ಹೆಸರು ಪುಲಕೇಶಿನಗರ.

ಮಲ್ಲೇಶ್ವರದ ನಕ್ಷೆ ನೆಲದ ಮೇಲೆ ಈಗಲೂ ಓದಲು ಸಿಗುತ್ತದೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ (ಮಾರ್ಗೋಸಾ ಎಂದರೆ ನಮ್ಮ ಬೇವೇ) ಜೊತೆಜೊತೆಯಾಗಿ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತವೆ. ಅಡ್ಡರಸ್ತೆಗಳು ಸಂಖ್ಯೆಯಲ್ಲಿ ಅವನ್ನು ಕತ್ತರಿಸುತ್ತವೆ. ಇಲ್ಲಿನವರಿಗೆ ಸಂಖ್ಯೆಯೇ ವಿಳಾಸ: ಎಂಟನೇ ಕ್ರಾಸ್ ಎಂದರೆ ಹೂವು ಹಣ್ಣಿನ ಸಂತೆ, ಹದಿನೆಂಟನೇ ಕ್ರಾಸ್ ಎಂದರೆ ಬಸ್ ನಿಲ್ದಾಣ, ಹದಿನೈದನೇ ಕ್ರಾಸ್ ಎಂದರೆ ದೇವಸ್ಥಾನದ ಬೀದಿಗಳು. ಎಂಟನೇ ಕ್ರಾಸಿನಲ್ಲಿ ಹಬ್ಬದ ಹಿಂದಿನ ದಿನ ಹೂವಾಡಗಿತ್ತಿ ಮೊಳ ಹಾಕುವುದನ್ನು ನೋಡಬೇಕು. ಮೊಣಕೈಯಿಂದ ಬೆರಳ ತುದಿಗೆ ಮಾಲೆ ಎಳೆದು, ಎಲೆಗೆ ಸುತ್ತುವ ಮೊದಲು ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾಳೆ. ಆ ಕೊಸರಿಗಾಗಿ ಬೇರೆ ಬಡಾವಣೆಗೆ ಮನೆ ಬದಲಿಸಿದವರೂ ಮರಳಿ ಇಲ್ಲಿಗೇ ಬರುತ್ತಾರೆ.

ಆದರೆ ನಕ್ಷೆಯ ಅತ್ಯಂತ ಮುಖ್ಯ ಭಾಗ ಮುಂಬೀದಿಯಲ್ಲಿಲ್ಲ, ಮನೆಗಳ ಬೆನ್ನಿಗಿದೆ. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಕಿರಿದಾದ ಓಣಿಗಳನ್ನು ಬಿಟ್ಟಿದ್ದಾರೆ. ಇವೇ ಕನ್ಸರ್ವೆನ್ಸಿ ಗಲ್ಲಿಗಳು. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಹಿತ್ತಿಲ ಕೊನೆಯಲ್ಲಿರುತ್ತಿತ್ತು. ಮಲ ಹೊರುವವರು ಈ ಗಲ್ಲಿಯಿಂದ ಬಂದು, ಗೋಡೆಯ ತಳದ ಕಂಡಿಯಿಂದ ಅದನ್ನು ತೆಗೆದು, ಗಲ್ಲಿಯಲ್ಲೇ ಹಿಂತಿರುಗಬೇಕಿತ್ತು. ಮುಂಬೀದಿಯ ಶುಚಿಯನ್ನು ನಾವು ಹೊಗಳುತ್ತೇವೆ. ಆ ಶುಚಿಯನ್ನು ಕಾಯ್ದವರು ಮುಂಬೀದಿಗೆ ಬರಲೇಬಾರದು ಎಂಬ ಏರ್ಪಾಡೂ ಅದೇ ನಕ್ಷೆಯಲ್ಲಿತ್ತು. ಮಲ್ಲೇಶ್ವರದ ಬಗ್ಗೆ ಅಕ್ಕರೆಯಿಂದ ಬರೆಯುವ ನಾವೆಲ್ಲ ಮಂಗಳೂರು ಹೆಂಚು, ಜಗಲಿ, ಕಿಟಕಿಯ ಮೇಲೆ ಮರದ ಪಟ್ಟಿಗಳಿಂದ ಮಾಡಿದ ಚೂಪು ಮಾಡಿನಂಥ ಮಂಕಿ ಟಾಪ್ ಇವುಗಳಲ್ಲೇ ನಿಂತುಬಿಡುತ್ತೇವೆ. ಗಲ್ಲಿಯನ್ನು ಬಿಟ್ಟರೆ ಆ ಚಿತ್ರ ಅರ್ಧ ಎಂದು ನನಗೆ ಬಲವಾಗಿ ಅನಿಸುತ್ತದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಲು 1970ರ ದಶಕದವರೆಗೆ, ಬಿ. ಬಸವಲಿಂಗಪ್ಪನವರು ಸಚಿವರಾಗುವವರೆಗೆ ಕಾಯಬೇಕಾಯಿತು.

ಈಗ ಕೆಲವು ಗಲ್ಲಿಗಳನ್ನು ಅಕ್ಕಪಕ್ಕದವರು ಒಳಗೆ ಸೇರಿಸಿಕೊಂಡಿದ್ದಾರೆ, ಕೆಲವಲ್ಲಿ ಸ್ಕೂಟರುಗಳು ನಿಂತಿವೆ, ಕೆಲವಲ್ಲಿ ನಿವಾಸಿಗಳು ಕಸ ತೆಗೆಸಿ ಗೋಡೆಗೆ ಚಿತ್ರ ಬರೆಸಿದ್ದಾರೆ. ಹಳೆಯ ಮನೆಗಳು ಉರುಳಿ ಅಪಾರ್ಟ್‌ಮೆಂಟ್‌ಗಳು ಏಳುತ್ತಿರುವಾಗಲೂ ಗಲ್ಲಿ ಉಳಿದಿದ್ದರೆ ಹಳೆಯ ನಿವೇಶನದ ಅಳತೆ ಗೊತ್ತಾಗುತ್ತದೆ.

ನೀವು ಬಂದಾಗ ಸಂಪಿಗೆ ರಸ್ತೆಯ ಅಂಗಡಿಗಳನ್ನು ನೋಡಿದ ಮೇಲೆ ಯಾವುದಾದರೂ ಅಡ್ಡರಸ್ತೆಯಲ್ಲಿ ತಿರುಗಿ ಅಂಥದೊಂದು ಗಲ್ಲಿಗೆ ಹೋಗಿ. ಹಳೆಯ ಹಿತ್ತಿಲ ಗೋಡೆ ಉಳಿದಿದ್ದರೆ ಅದರ ತಳಭಾಗವನ್ನು ಗಮನಿಸಿ. ಸುತ್ತಲಿನ ಗಾರೆಗೆ ಹೊಂದದ, ಬೇರೆ ಇಟ್ಟಿಗೆಯಿಂದ ಮುಚ್ಚಿದ ಒಂದು ಚೌಕ ಕಾಣಿಸಬಹುದು. ಮೊಣಕಾಲೆತ್ತರಕ್ಕೂ ಕಡಿಮೆ, ಬಗ್ಗಿ ಕೈ ಹಾಕುವಷ್ಟೇ ಅಗಲ.