ಬಾಗಿಲ ಹಿಂದೆ ನಿಲ್ಲುವ ಮಗು

ರಾಯಚೂರಿನ ನನ್ನ ಚಿಕಿತ್ಸಾಲಯಕ್ಕೆ ಎರಡೂವರೆ, ಮೂರು ವರ್ಷದ ಮಕ್ಕಳನ್ನು ಕರೆತರುವ ತಾಯಂದಿರು ಜ್ವರ, ಕೆಮ್ಮಿನ ಮಾತೆಲ್ಲ ಮುಗಿದ ಮೇಲೆ, ಏಳುವ ಹೊತ್ತಿಗೆ ತುಸು ಸಂಕೋಚದಿಂದ ಒಂದು ವಿಷಯ ತೆಗೆಯುತ್ತಾರೆ. "ಡಾಕ್ಟ್ರೇ, ಎರಡಕ್ಕ ಕುಂದ್ರು ಅಂದ್ರ ಕುಂದ್ರೂದಿಲ್ರಿ. ಬಾಗಲ ಹಿಂದ ಹೋಗಿ ಕಾಲು ಕತ್ರಿ ಹಾಕ್ಕೊಂಡು ನಿಂತುಬಿಡ್ತಾನ್ರಿ. ಭಾಳ ಹಟ." ಜೊತೆಗೆ ಅಜ್ಜಿ ಬಂದಿದ್ದರೆ, ತಮ್ಮ ಕಾಲದಲ್ಲಿ ವರ್ಷ ತುಂಬುವುದರೊಳಗೆ ಕಲಿಸುತ್ತಿದ್ದೆವು ಎಂಬ ಮಾತೂ ಸೇರಿಕೊಂಡು, ತಾಯಿಯ ಮುಖ ಇನ್ನಷ್ಟು ಬಾಡುತ್ತದೆ.

ಈ ಮಗುವಿಗೆ ಹಟಮಾರಿ ಎಂಬ ಹೆಸರಿಡುವ ಮೊದಲು ಅದರ ಹೊಟ್ಟೆಯನ್ನು ಮುಟ್ಟಿ ನೋಡಬೇಕು. ನನ್ನ ಅನುಭವದಲ್ಲಿ ಇಂತಹ ಬಹಳಷ್ಟು ಮಕ್ಕಳ ಕೆಳಹೊಟ್ಟೆಯ ಎಡಭಾಗದಲ್ಲಿ ಗಟ್ಟಿಯಾದ ಮಲದ ಉಂಡೆಗಳು ಕೈಗೆ ಸಿಗುತ್ತವೆ. ಕಾಲು ಕತ್ತರಿ ಹಾಕಿ, ಮುಖ ಕೆಂಪೇರಿಸಿಕೊಂಡು ನಿಂತ ಮಗು ಮಲ ಹೊರಹಾಕಲು ತಿಣುಕುತ್ತಿದೆ ಎಂದು ಮನೆಯವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ತನ್ನೆಲ್ಲ ಶಕ್ತಿ ಹಾಕಿ ಮಲವನ್ನು ಒಳಗೆ ಹಿಡಿದಿಡುತ್ತಿರುತ್ತದೆ. ಎಂದೋ ಒಂದು ದಿನ ಗಟ್ಟಿ ಮಲ ಹೋಗುವಾಗ ಗುದದ್ವಾರ ಸೀಳಿ ನೋವಾಗಿರುತ್ತದೆ. ಆ ನೋವಿನ ನೆನಪಿನಿಂದ ಮಗು ಮರುದಿನ ತಡೆಯುತ್ತದೆ. ತಡೆದಷ್ಟೂ ದೊಡ್ಡ ಕರುಳು ಮಲದಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ಮಲ ಇನ್ನಷ್ಟು ಗಟ್ಟಿಯಾಗಿ ದಪ್ಪವಾಗುತ್ತದೆ, ಮುಂದಿನ ಸಲ ನೋವು ಮೊದಲಿಗಿಂತ ಹೆಚ್ಚಾಗುತ್ತದೆ. ವಾರಗಟ್ಟಲೆ ಹೀಗೆ ನಡೆದರೆ ಗುದನಾಳ ಹಿಗ್ಗಿ, ಮಲ ತುಂಬಿದೆ ಎಂಬ ಅರಿವೇ ಮಗುವಿಗೆ ಕುಂದುತ್ತದೆ. ಆಗ ಗಟ್ಟಿ ಉಂಡೆಯ ಪಕ್ಕದಿಂದ ತೆಳು ಮಲ ಜಾರಿ ಚಡ್ಡಿಗೆ ಅಂಟುತ್ತದೆ. ಮನೆಯವರು ಇದನ್ನು ಭೇದಿ ಎಂದು ಭಾವಿಸಿ ಹಣ್ಣು, ಕಾಳು ನಿಲ್ಲಿಸಿ, ಬಿಸ್ಕತ್ತು ಮತ್ತು ಹಾಲಿನ ಮೇಲೆ ಇಡುತ್ತಾರೆ. ಮಲಬದ್ಧತೆ ಇನ್ನೂ ಬಲಿಯುತ್ತದೆ. ತುಂಬಿದ ಗುದನಾಳ ಮೂತ್ರಕೋಶವನ್ನು ಒತ್ತುವುದರಿಂದ, ಒಂದಕ್ಕೆ ಹೋಗುವುದನ್ನು ಕಲಿತಿದ್ದ ಮಗುವೂ ಮತ್ತೆ ಬಟ್ಟೆಯಲ್ಲೇ ಮಾಡಿಕೊಳ್ಳತೊಡಗಬಹುದು.

ಆದ್ದರಿಂದ ಮೊದಲು ಮಲ ಮೆತ್ತಗಾಗಬೇಕು, ಕಲಿಸುವುದು ಅದಾದ ನಂತರ. ವೈದ್ಯರು ಬರೆದುಕೊಡುವ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್‌ನಂತಹ ಔಷಧಿಗಳನ್ನು ಅನೇಕ ಮಕ್ಕಳಿಗೆ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ; ನಾಲ್ಕು ದಿನ ಸಲೀಸಾಗಿ ಹೋಯಿತೆಂದು ನಿಲ್ಲಿಸಿದವರೇ ತಿಂಗಳೊಳಗೆ ಮತ್ತೆ ಬರುತ್ತಾರೆ, ಏಕೆಂದರೆ ಹಿಗ್ಗಿದ ಗುದನಾಳ ಮೊದಲಿನಂತಾಗಲು ಮತ್ತು ಮಗು ನೋವನ್ನು ಮರೆಯಲು ಅಷ್ಟು ಕಾಲ ಬೇಕು. ಔಡಲೆಣ್ಣೆಯಲ್ಲಿ ಅದ್ದಿದ ವೀಳ್ಯದೆಲೆಯ ತೊಟ್ಟನ್ನೋ ಸಾಬೂನಿನ ಚೂರನ್ನೋ ಗುದದ್ವಾರದಲ್ಲಿ ಇಡುವ ಪದ್ಧತಿಯನ್ನು ದಯವಿಟ್ಟು ಬಿಡಿ. ಈಗಾಗಲೇ ನೊಂದ ಜಾಗಕ್ಕೆ ಅದು ಇನ್ನೊಂದು ಹೆದರಿಕೆ.

ಆಹಾರದ ವಿಷಯದಲ್ಲಿ ನಮ್ಮ ಭಾಗದ ಅಡುಗೆಮನೆ ಬಡವಾಗಿಲ್ಲ. ಹಾಲಿನಲ್ಲೋ ಬೇಳೆಯಲ್ಲೋ ಮೆತ್ತಗೆ ನೆನೆಸಿದ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯ ಸೊಪ್ಪು, ಪಪ್ಪಾಯಿ ಇವುಗಳಲ್ಲಿ ನಾರಿನಂಶ ಸಾಕಷ್ಟಿದೆ. ಅಡ್ಡಿಯಾಗುವುದು ಹಾಲು. ದಿನಕ್ಕೆ 500 ಮಿಲಿಲೀಟರ್ ದಾಟಿದ ಹಾಲು ಮಗುವಿನ ಹಸಿವನ್ನು ಕೊಂದು ಊಟದ ಜಾಗವನ್ನು ಆಕ್ರಮಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಮಗು ಕೇಳಲಿ ಬಿಡಲಿ, ಗಂಟೆ ಗಂಟೆಗೆ ನಾಲ್ಕು ಗುಟುಕು ನೀರು ಕುಡಿಸಬೇಕು. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲವೆಂದೇ ತಿಳಿಯಿರಿ.

ಕಲಿಸಲು ಯಾವಾಗ ತೊಡಗಬೇಕು ಎಂಬುದಕ್ಕೆ ವಯಸ್ಸಿಗಿಂತ ಮಗುವಿನ ಲಕ್ಷಣಗಳು ಮುಖ್ಯ. ಎರಡು ಗಂಟೆಯಾದರೂ ಬಟ್ಟೆ ಒಣಗಿರುವುದು, ಬರುತ್ತಿದೆ ಎಂದು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸುವುದು, ಚಡ್ಡಿಯನ್ನು ತಾನೇ ಕೆಳಗೆಳೆಯುವುದು, ಇವು ಸಾಮಾನ್ಯವಾಗಿ ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತವೆ. ಹಾಗಾದರೆ ಅಜ್ಜಿಯ ಮಾತು ಸುಳ್ಳೇ? ಸುಳ್ಳೆನ್ನಲಾರೆ. ಕಾಲು ಚಾಚಿ ಕುಳಿತು, ಪಾದಗಳ ಮೇಲೆ ಕೂಸನ್ನು ಕೂರಿಸಿ "ಶ್ಶ್" ಎನ್ನುತ್ತಿದ್ದ ಆ ಅಭ್ಯಾಸದಲ್ಲಿ ಕೂಸಿನ ಹೊತ್ತನ್ನು ಅರಿತಿದ್ದವಳು ಅಜ್ಜಿ, ಮತ್ತು ಮಂಡಿ ಮಡಿಸಿದ ಆ ಭಂಗಿ ಮಲ ಇಳಿಯಲು ಅತ್ಯಂತ ಅನುಕೂಲವಾದದ್ದು. ಅದನ್ನು ಬಿಡಬೇಕಾಗಿಲ್ಲ. ಆದರೆ ಮಗು ತಾನಾಗಿ ಅರಿತು, ತಡೆದು, ಜಾಗಕ್ಕೆ ಹೋಗಿ ಕೂರುವುದು ಬೇರೆಯೇ ಸಾಮರ್ಥ್ಯ. ಅದಕ್ಕೆ ನರಗಳು ಮಾಗಬೇಕು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ತಾಯಿ ಬೆಳಗಿನಿಂದ ಸಂಜೆವರೆಗೆ ಹೊಲದಲ್ಲಿರುವಾಗ, ಅಥವಾ ಮನೆಗೆ ಇನ್ನೊಂದು ಕೂಸು ಬಂದ ಹೊಸದರಲ್ಲಿ, ಈ ಕೆಲಸಕ್ಕೆ ಕೈಹಾಕದಿರುವುದು ಮೇಲು.

ಊಟ ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದು ದೇಹದ ಸಹಜ ನಿಯಮ. ಬೆಳಗಿನ ತಿಂಡಿ ಅಥವಾ ರಾತ್ರಿಯೂಟದ ಬಳಿಕ ಹದಿನೈದು ನಿಮಿಷಕ್ಕೆ ಮಗುವನ್ನು ಕೂರಿಸಿ, ಐದು ನಿಮಿಷ ಜೊತೆಯಲ್ಲಿರಿ. ಏನೂ ಆಗದಿದ್ದರೆ ಸುಮ್ಮನೆ ಎಬ್ಬಿಸಿ. ಸಂಡಾಸಿನ ಗುಂಡಿ ದೊಡ್ಡದಾಗಿದ್ದು, ಅತ್ತಿತ್ತ ಪಾದ ಊರಲು ಕಾಲು ಸಾಲದೆ ಮಗು ಬಿದ್ದೇನೆಂದು ಹೆದರುತ್ತದೆ. ಹಿತ್ತಲ ತುದಿಯಲ್ಲಿದ್ದು ದೀಪವಿಲ್ಲದಿದ್ದರೆ ದೊಡ್ಡವರೂ ಅಳುಕುತ್ತಾರಲ್ಲವೇ? ನೆಲಕ್ಕೆ ಎರಡೂ ಪಾದ ತಾಗುವಂತಹ, ಮಕ್ಕಳು ಎರಡಕ್ಕೆ ಕೂರುವ ಚಿಕ್ಕ ಪಾಟಿ ಸಾಕು. ಕಮೋಡ್ ಇರುವ ಮನೆಯಲ್ಲಿ ಕಾಲ ಕೆಳಗೆ ಮಣೆಯೊಂದು ಬೇಕು, ಜೋತಾಡುವ ಕಾಲುಗಳಿಂದ ಯಾವ ಮಗುವೂ ಸರಿಯಾಗಿ ತಿಣುಕಲಾರದು. ಲಾಡಿ, ಜಿಪ್ಪು ಬೇಡ. ಎಲಾಸ್ಟಿಕ್ ಚಡ್ಡಿ ಇರಲಿ.

ಚಿಕ್ಕ ಮಕ್ಕಳ ಮಲಕ್ಕೆ ದೋಷವಿಲ್ಲ ಎಂಬ ನಂಬಿಕೆಯಿಂದ ಅದನ್ನು ಚರಂಡಿಗೋ ತಿಪ್ಪೆಗೋ ಹಾಕುವುದನ್ನು ಇಂದಿಗೂ ಕಾಣುತ್ತೇನೆ. ರೋಟಾ ವೈರಾಣು, ಜಂತುಹುಳುವಿನ ಮೊಟ್ಟೆಗಳು ದೊಡ್ಡವರ ಮಲದಲ್ಲಿರುವಂತೆಯೇ ಮಕ್ಕಳ ಮಲದಲ್ಲೂ ಇರುತ್ತವೆ. ಅದನ್ನು ಸಂಡಾಸಿಗೇ ಹಾಕಿ, ತೊಳೆದವರೂ ತೊಳೆಸಿಕೊಂಡವರೂ ಸಾಬೂನಿನಿಂದ 20 ಸೆಕೆಂಡು ಕೈ ಉಜ್ಜಬೇಕು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಓಣಿಗಳಲ್ಲಿ ಡ್ರಮ್ಮಿನೊಳಗೆ ಕೈ ಅದ್ದದೆ, ಚರಿಗೆಯಿಂದ ಇನ್ನೊಬ್ಬರು ನೀರು ಸುರಿಯಲಿ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆಯುವುದನ್ನು ಮೊದಲ ದಿನದಿಂದಲೇ ಕಲಿಸಿ; ತಿರುವುಮುರುವಾದರೆ ಮೂತ್ರದ ಸೋಂಕಿಗೆ ದಾರಿಯಾಗುತ್ತದೆ. ಫೆಬ್ರವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಗಳಂದು ಅಂಗನವಾಡಿಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ. ಮೂರು ವರ್ಷಕ್ಕೆ ಮಗು ಅಂಗನವಾಡಿಗೆ ಹೋಗತೊಡಗಿದಾಗ, ಕೇಳಿದ ಕೂಡಲೇ ಒಂದಕ್ಕೆ ಕಳಿಸುವಂತೆ ಕಾರ್ಯಕರ್ತೆಗೆ ತಾಯಿಯೇ ಹೋಗಿ ಹೇಳಿಬರಬೇಕು. ಸಂಕೋಚದ ಮಗು ಅಲ್ಲಿ ತಡೆಯಲು ಕಲಿತರೆ ಮನೆಯಲ್ಲಿ ಕಲಿಸಿದ್ದು ಅಳಿಸಿಹೋಗುತ್ತದೆ.

ರಾತ್ರಿ ಹಾಸಿಗೆ ಒದ್ದೆಯಾಗುವುದನ್ನು ಐದು ವರ್ಷದವರೆಗೆ ಕಾಯಿಲೆಯೆಂದು ಎಣಿಸುವುದಿಲ್ಲ. ತಂದೆಗೋ ತಾಯಿಗೋ ಚಿಕ್ಕಂದಿನಲ್ಲಿ ಇದ್ದರೆ ಮಗುವಿಗೂ ಇರುವ ಸಂಭವ ಹೆಚ್ಚು. ನೆಂಟರೆದುರು ಹೇಳಿ ನಗುವುದು, ಹೊಡೆಯುವುದು, ಬರೆ ಹಾಕುತ್ತೇನೆಂದು ಬೆದರಿಸುವುದು ಇವೆಲ್ಲ ಕ್ರೌರ್ಯ. ನಿದ್ದೆಯಲ್ಲಿರುವ ಮಗುವಿಗೆ ತಾನೇನು ಮಾಡುತ್ತಿದ್ದೇನೆಂಬುದೇ ತಿಳಿದಿರುವುದಿಲ್ಲ.

ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದೆ ಅಂದಿನಿಂದಲೂ ಮಲಬದ್ಧತೆ ಇರುವ ಮಗು, ಹೊಟ್ಟೆ ಉಬ್ಬಿ ತೂಕ ಏರದ ಮಗು, ಮೂತ್ರ ತೊಟ್ಟಿಕ್ಕುತ್ತ ಬರುವ ಗಂಡುಮಗು, ಇವರನ್ನು ಮನೆಮದ್ದಿನಲ್ಲಿ ಇಟ್ಟುಕೊಳ್ಳದೆ ವೈದ್ಯರ ಬಳಿ ಕರೆತನ್ನಿ. ತಿಂಗಳುಗಟ್ಟಲೆ ಹಾಸಿಗೆ ಒದ್ದೆ ಮಾಡದಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಹಾಸಿಗೆ ಒದ್ದೆ ಮಾಡುತ್ತ, ಚರಿಗೆಗಟ್ಟಲೆ ನೀರು ಕುಡಿಯುತ್ತ, ಸೊರಗುತ್ತಿದ್ದರೆ ಅದು ಸಕ್ಕರೆ ಕಾಯಿಲೆಯಾಗಿರಬಹುದು. ರಕ್ತದ ಸಕ್ಕರೆ ಪರೀಕ್ಷೆಯನ್ನು ಅಂದೇ ಮಾಡಿಸಬೇಕು, ಮರುದಿನಕ್ಕೆ ಇಡಬಾರದು.