ಮೂರು ದ್ವೀಪ, ಐದು ರಾತ್ರಿ

ಮೊದಲ ಬಾರಿಗೆ ದ್ವೀಪ ಪ್ರವಾಸಕ್ಕೆ ಹೊರಡುವ ಕುಟುಂಬಗಳು ನನ್ನ ಬಳಿ ಬರುವಷ್ಟರಲ್ಲಿ ಕಾರ್ಯಕ್ರಮವನ್ನು ತಾವೇ ಸಿದ್ಧಪಡಿಸಿಕೊಂಡಿರುತ್ತವೆ. ಐದು ರಾತ್ರಿ, ಮೂರು ದ್ವೀಪ. ಉತ್ಸಾಹ ಸ್ವಲ್ಪ ಹೆಚ್ಚಿದ್ದರೆ ಆರು ರಾತ್ರಿ, ನಾಲ್ಕು ದ್ವೀಪ. ಅಗ್ಗಕ್ಕೆ ಸಿಕ್ಕಿತೆಂದು ವಿಮಾನದ ಟಿಕೆಟ್ಟನ್ನೂ ಆಗಲೇ ಕೊಂಡಾಗಿರುತ್ತದೆ. ಇನ್ನು ನಾನು ಮಾಡಬೇಕಾದದ್ದು ಕಡಿಮೆ ಬಾಡಿಗೆಯ ಕೋಣೆಗಳನ್ನು ಹುಡುಕಿಕೊಡುವುದು ಮಾತ್ರ. ಬಾಡಿಗೆಯನ್ನು ಚೌಕಾಸಿ ಮಾಡಿ ಇಳಿಸಿಬಿಟ್ಟರೆ ಪ್ರವಾಸ ಬಜೆಟ್ಟಿನೊಳಗೆ ಮುಗಿಯುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿರುತ್ತಾರೆ. ಆ ನಂಬಿಕೆಯನ್ನು ಅಲುಗಾಡಿಸುವುದೇ ನನ್ನ ವೃತ್ತಿಯ ಅರ್ಧ ಕೆಲಸವಾಗಿದೆ.

ಪಾಸ್‌ಪೋರ್ಟ್, ವೀಸಾ, ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮು ಇವುಗಳ ಬಗ್ಗೆ ಬರೆಯುವುದಿಲ್ಲ. ಅವೆಲ್ಲ ಎಲ್ಲರಿಗೂ ಗೊತ್ತಿವೆ. ಗೊತ್ತಿದ್ದೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಒಂದಿದೆ. ದ್ವೀಪದ ಸುತ್ತ ನೀರಿರುತ್ತದೆ, ಅದನ್ನು ದಾಟುವುದಕ್ಕೆ ಹಣ ಬೇಕು, ಹೊತ್ತು ಬೇಕು, ಹವಾಮಾನದ ಕೃಪೆಯೂ ಬೇಕು.

ಹಣದ ವಿಷಯ ಮೊದಲು. ಕೋಣೆಯ ಬಾಡಿಗೆ ಕೋಣೆಗೆ, ದೋಣಿಯ ಬಾಡಿಗೆ ತಲೆಗೆ. ಗಂಡ ಹೆಂಡತಿ ಇಬ್ಬರೇ ಹೋದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಮಕ್ಕಳಾದ ಮೇಲೆ ಹೋದಾಗ ಬೀಳುತ್ತದೆ, ಆದರೆ ಹಣ ಕೊಟ್ಟಾದ ಮೇಲೆ. ರೂಪಾಯಿ, ಡಾಲರು ಎಲ್ಲ ಬಿಟ್ಟು ಬರಿಯ ಅಂಕಿಗಳಲ್ಲಿ ಒಂದು ಉದಾಹರಣೆ ನೋಡಿ. ನಾಲ್ವರ ಕುಟುಂಬ. ಕೋಣೆಗೆ ರಾತ್ರಿಗೆ 10. ದೋಣಿಗೆ ಒಂದು ಸಲ ದಾಟಲು ತಲೆಗೆ 2.50, ಅಂದರೆ ನಾಲ್ವರಿಗೆ 10. ಒಂದೇ ದ್ವೀಪದಲ್ಲಿ ಐದು ರಾತ್ರಿ ಉಳಿದರೆ ಬಾಡಿಗೆ 50, ಹೋಗಿ ಬರಲು ದೋಣಿಗೆ 20, ಒಟ್ಟು 70. ಅದೇ ಐದು ರಾತ್ರಿಗಳನ್ನು ಮೂರು ದ್ವೀಪಗಳಿಗೆ ಹಂಚಿದರೆ? ದಡದಿಂದ ಮೊದಲನೆಯದಕ್ಕೆ, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಅಲ್ಲಿಂದ ಮತ್ತೆ ದಡಕ್ಕೆ. ನಾಲ್ಕು ಸಲ ದಾಟಬೇಕು, ದೋಣಿಗೆ 40, ಒಟ್ಟು 90. ಈ ಹೆಚ್ಚುವರಿ 20ನ್ನು ಕೋಣೆಯಲ್ಲಿ ಉಳಿಸಿ ಸರಿದೂಗಿಸಬೇಕೆಂದರೆ ರಾತ್ರಿಗೆ 10 ಇರುವ ಬಾಡಿಗೆಯನ್ನು 6ಕ್ಕೆ ಇಳಿಸಬೇಕು. ಅಷ್ಟು ಇಳಿದ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಲು ನಿಮಗೇ ಮನಸ್ಸಾಗುವುದಿಲ್ಲ.

ಇದು ದೋಣಿಯ ಟಿಕೆಟ್ ಮಾತ್ರ. ಪ್ರತಿ ಸಲ ದಾಟುವಾಗಲೂ ಹೋಟೆಲಿನಿಂದ ಜೆಟ್ಟಿಗೆ ಒಂದು ಟ್ಯಾಕ್ಸಿ, ಆ ಕಡೆಯ ಜೆಟ್ಟಿಯಿಂದ ಇನ್ನೊಂದು ಹೋಟೆಲಿಗೆ ಮತ್ತೊಂದು ಟ್ಯಾಕ್ಸಿ. ಜೆಟ್ಟಿಯಲ್ಲಿ ಕಾಯುವಾಗ ಮಕ್ಕಳಿಗೆ ಹಸಿವಾಗುತ್ತದೆ, ಅಲ್ಲಿರುವ ಒಂದೇ ಅಂಗಡಿಯವನಿಗೂ ಅದು ಗೊತ್ತಿರುತ್ತದೆ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಒಂದು ಕೋಣೆ ಬಿಟ್ಟುಕೊಟ್ಟು ಮಧ್ಯಾಹ್ನ ಎರಡು ಮೂರಕ್ಕೆ ಇನ್ನೊಂದರ ಬೀಗದ ಕೈ ಸಿಗುವವರೆಗೆ ನೀವು ಪೆಟ್ಟಿಗೆಗಳ ಕಾವಲುಗಾರರು. ಐದು ದಿನಗಳಲ್ಲಿ ಎರಡು ದಿನ ಹೀಗೆ ಕಳೆದರೆ ಅದಕ್ಕೂ ಹಣ ಕೊಟ್ಟಿದ್ದೀರಿ ಎಂಬುದು ನೆನಪಿರಲಿ.

‘ಅಷ್ಟು ದೂರ ಹೋಗಿ ಒಂದೇ ದ್ವೀಪವನ್ನು ನೋಡಿ ಬರುವುದೇ?’ ಎಂದು ಯಜಮಾನರೊಬ್ಬರು ನನ್ನನ್ನು ಗದರಿಸಿದ್ದರು. ಅವರ ಪಟ್ಟಿಯಲ್ಲಿ ಗಂಟೆಗಳ ಸಮೇತ ಎಲ್ಲವೂ ಇತ್ತು, ಸೂರ್ಯಾಸ್ತ ನೋಡುವುದಕ್ಕೆ ನಲವತ್ತು ನಿಮಿಷ ಎಂದೂ ಬರೆದಿದ್ದರು. ಪಕ್ಕದಲ್ಲಿ ಕುಳಿತಿದ್ದ ಎಂಟು ಒಂಬತ್ತು ವರ್ಷದ ಮಗಳನ್ನು, ‘ನಿನಗೇನು ಬೇಕಮ್ಮ?’ ಎಂದು ಕೇಳಿದೆ. ‘ಮರಳಲ್ಲಿ ಆಡಬೇಕು’ ಎಂದಳು. ‘ಎಷ್ಟು ಹೊತ್ತು?’ ಎಂದೆ. ‘ಸಾಕಾಗೋವರೆಗೆ’ ಎಂದಳು. ಆ ಪಟ್ಟಿಯಲ್ಲಿ ಸಾಕಾಗುವವರೆಗೆ ಎಂಬ ಅವಧಿ ಎಲ್ಲೂ ಇರಲಿಲ್ಲ. ಮಕ್ಕಳಿಗೆ ಎರಡನೆಯ ದ್ವೀಪದ ಮರಳು ಮೊದಲನೆಯದಕ್ಕಿಂತ ಬೇರೆ ಎಂದು ಅನಿಸುವುದಿಲ್ಲ. ಅದು ದೊಡ್ಡವರ ಚಪಲ. ಆ ಯಜಮಾನರು ಕೊನೆಗೆ ಎರಡು ದ್ವೀಪಗಳಿಗೆ ಒಪ್ಪಿದರು. ಅಷ್ಟಕ್ಕೇ ನಾನು ತೃಪ್ತಿಪಟ್ಟುಕೊಂಡೆ.

ಇನ್ನು ಅಗ್ಗದ ವಿಮಾನ ಟಿಕೆಟ್. ಟಿಕೆಟ್ಟಿನ ಮೇಲೆ ಬರೆದಿರುವುದು ವಿಮಾನ ನಿಲ್ದಾಣದ ಹೆಸರು, ನಿಮ್ಮ ಹಾಸಿಗೆ ಇರುವ ಊರಿನದಲ್ಲ. ಥಾಯ್ಲೆಂಡಿನ ಕೊ ಸಮುಯಿಯನ್ನು ನೋಡಿ. ಅಲ್ಲಿನ ವಿಮಾನ ನಿಲ್ದಾಣವನ್ನು ಕಟ್ಟಿದ್ದು, ಅದರ ಒಡೆತನ ಇರುವುದು ಒಂದು ಖಾಸಗಿ ವಿಮಾನ ಸಂಸ್ಥೆಯದು. ಸ್ಪರ್ಧೆ ಕಡಿಮೆ, ದರ ಹೆಚ್ಚು. ಆದ್ದರಿಂದ ಜನ ಮುಖ್ಯಭೂಮಿಯ ಸುರಾತ್ ಥಾನಿಗೆ ಅಗ್ಗದ ಟಿಕೆಟ್ ಕೊಳ್ಳುತ್ತಾರೆ. ಅಲ್ಲಿಂದ ಬಸ್ಸಿನಲ್ಲಿ ಡಾನ್‌ಸಾಕ್ ಜೆಟ್ಟಿಗೆ, ಜೆಟ್ಟಿಯಲ್ಲಿ ಕಾಯ್ದು ಒಂದೂವರೆ ಗಂಟೆಯ ಹಡಗಿಗೆ, ಇಳಿದ ಮೇಲೆ ಟ್ಯಾಕ್ಸಿಗೆ. ಇದು ತಪ್ಪು ಆಯ್ಕೆ ಎಂದು ನಾನು ಹೇಳುವುದಿಲ್ಲ. ಬೆಳಗಿನ ವಿಮಾನವಾದರೆ, ಮಕ್ಕಳು ದೊಡ್ಡವರಾದರೆ ಇದರಲ್ಲಿ ನಿಜವಾಗಿಯೂ ಹಣ ಉಳಿಯುತ್ತದೆ. ಸಂಜೆಯ ವಿಮಾನವಾದರೆ ಕೊನೆಯ ಹಡಗು ಹೋಗಿರುತ್ತದೆ, ಉಳಿಸಿದ ಹಣ ಜೆಟ್ಟಿ ಪಕ್ಕದ ಕೋಣೆಯ ಬಾಡಿಗೆಗೆ ಹೋಗುತ್ತದೆ.

ಮಾಲ್ಡೀವ್ಸ್ ಇನ್ನೂ ಕಠಿಣ. ಮಾಲೆಯ ವಿಮಾನ ನಿಲ್ದಾಣವೇ ಒಂದು ಪ್ರತ್ಯೇಕ ದ್ವೀಪದಲ್ಲಿದೆ. ದೂರದ ರೆಸಾರ್ಟುಗಳಿಗೆ ಅಲ್ಲಿಂದ ಕಡಲ ವಿಮಾನದಲ್ಲಿ ಹೋಗಬೇಕು. ಅದು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ, ತಲೆಗೆ ನೂರಾರು ಡಾಲರು ಕೇಳುತ್ತದೆ, ಪೆಟ್ಟಿಗೆಗಳನ್ನು ತೂಗುತ್ತದೆ. ಅರ್ಧ ಬೆಲೆಗೆ ರೆಸಾರ್ಟ್ ಸಿಕ್ಕಿತೆಂದು ಸಂಭ್ರಮಿಸಿದವರು ಇದನ್ನು ಕೂಡಿಸಿ ನೋಡಿದಾಗ ಮೌನವಾಗುತ್ತಾರೆ. ಅದರ ಮೇಲೆ ಅಲ್ಲಿನ ಸರ್ಕಾರದ ಹಸಿರು ತೆರಿಗೆ: 2025ರ ಜನವರಿಯಿಂದ ರೆಸಾರ್ಟುಗಳಲ್ಲಿ ತಲೆಗೆ ದಿನಕ್ಕೆ 12 ಡಾಲರು, ಜನವಸತಿಯ ದ್ವೀಪಗಳ ಸಣ್ಣ ಅತಿಥಿಗೃಹಗಳಲ್ಲಿ 6 ಡಾಲರು. ಇದೂ ತಲೆಗೇ, ಗಮನಿಸಿ. ಬಜೆಟ್ ಬಿಗಿಯಾಗಿರುವ ಕುಟುಂಬಕ್ಕೆ ನಾನು ಹೇಳುವುದು ಮಾಲೆಗೆ ಹತ್ತಿರದ, ಸ್ಪೀಡ್‌ಬೋಟಿನಲ್ಲಿ ತಲುಪಬಹುದಾದ ಜನವಸತಿಯ ದ್ವೀಪವೊಂದರ ಅತಿಥಿಗೃಹವನ್ನು. ಅದೇ ಸಮುದ್ರ, ಅದೇ ಮೀನು. ಫೋಟೋದಲ್ಲಿ ಕಾಣುವ ನೀರಿನ ಮೇಲಿನ ಗುಡಿಸಲು ಮಾತ್ರ ಇರುವುದಿಲ್ಲ. ಈಜು ಬಾರದ ಮೂರು ವರ್ಷದ ಮಗುವನ್ನು ಕರೆದುಕೊಂಡು ಆ ಗುಡಿಸಲಿನಲ್ಲಿ ಇರಲು ಏಕೆ ಹಂಬಲಿಸುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಈಗ ನಾನು ಅತಿ ಹೆಚ್ಚು ಜಗಳವಾಡುವ ವಿಷಯ, ಕೊನೆಯ ರಾತ್ರಿ. ವಿಮಾನ ಸಂಜೆ ಐದಕ್ಕೆ, ದೋಣಿ ಬೆಳಿಗ್ಗೆ ಒಂಬತ್ತಕ್ಕೆ, ನಡುವೆ ಎಂಟು ಗಂಟೆ ಇದೆಯಲ್ಲ, ಕೊನೆಯ ರಾತ್ರಿಯನ್ನೂ ದ್ವೀಪದಲ್ಲೇ ಕಳೆಯೋಣ ಎನ್ನುತ್ತಾರೆ. ಬೇಡ. ದೋಣಿ ತಡವಾಗುತ್ತದೆ ಎಂಬುದು ನನ್ನ ಭಯವಲ್ಲ, ದೋಣಿ ಹೊರಡುವುದೇ ಇಲ್ಲ ಎಂಬುದು ನನ್ನ ಭಯ. ಬಸ್ಸು ತಪ್ಪಿದರೆ ಕಾರು ಹಿಡಿಯಬಹುದು. ಬಂದರಿನವರು ಈ ದಿನ ಸಮುದ್ರ ಸರಿಯಿಲ್ಲ ಎಂದು ಸಂಚಾರ ನಿಲ್ಲಿಸಿದರೆ ಎಷ್ಟು ಹಣ ಚೆಲ್ಲಿದರೂ ದಾಟುವ ದಾರಿಯಿಲ್ಲ. ಮಳೆ ಬಂದರೆ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ. ಗ್ರೀಸಿನ ಏಜಿಯನ್ ಸಮುದ್ರದಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಮೆಲ್ಟೆಮಿ ಎಂಬ ಬಡಗಣ ಗಾಳಿ ಬೀಸುತ್ತದೆ. ಆಕಾಶ ನಿರ್ಮಲ, ಬಿಸಿಲು ಝಳಝಳ, ಆದರೂ ಹಡಗು ಕಟ್ಟಿಹಾಕಿಕೊಂಡು ನಿಂತಿರುತ್ತದೆ. ಅಲ್ಲಿ ಮೊದಲು ರದ್ದಾಗುವುದು ಕ್ಯಾಟಮರಾನುಗಳು, ಅಂದರೆ ಜೋಡಿ ಒಡಲಿನ ವೇಗದ ಹಡಗುಗಳು. ಪಿರೇಯಸ್ ಬಂದರಿನಿಂದ ಸ್ಯಾಂಟೊರಿನಿಗೆ ಅವು ಐದು ಗಂಟೆಯಲ್ಲಿ ಮುಟ್ಟಿಸುತ್ತವೆ. ದೊಡ್ಡ ಸಾಂಪ್ರದಾಯಿಕ ಹಡಗಿಗೆ ಏಳೆಂಟು ಗಂಟೆ ಬೇಕು. ಆದರೆ ಅದು ಅಗ್ಗ, ಗಾಳಿಗೆ ಗಟ್ಟಿ, ಮಕ್ಕಳು ಎದ್ದು ಓಡಾಡಬಹುದು. ನಿಧಾನದ ಹಡಗು ಬಡವರದು ಎಂದು ಮೂಗು ಮುರಿಯುವವರನ್ನು ಒಂದು ಬಾರಿ ಗಾಳಿಯ ದಿನ ಕ್ಯಾಟಮರಾನಿನಲ್ಲಿ ಕೂರಿಸಿದರೆ ಸಾಕು.

ದೋಣಿ ರದ್ದಾದಾಗ ದೋಣಿಯವನು ಹಿಂದಿರುಗಿಸುವುದು ದೋಣಿಯ ದುಡ್ಡನ್ನು. ಬೇರೆಯಾಗಿ ಕೊಂಡ ವಿಮಾನದ ಟಿಕೆಟ್ಟಿಗೆ ಅವನು ಹೊಣೆಯಲ್ಲ. ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿರುವುದರಿಂದ ಆ ಸಂಸ್ಥೆಯವರೂ ಹೊಣೆಯಲ್ಲ. ಹೊಸ ಟಿಕೆಟ್ಟು ಮತ್ತೆ ತಲೆಗೆ ಒಂದು, ಅದೂ ಅದೇ ದಿನದ ದರದಲ್ಲಿ. ಇಡೀ ಪ್ರವಾಸದಲ್ಲಿ ಚೌಕಾಸಿ ಮಾಡಿ ಉಳಿಸಿದ್ದೆಲ್ಲ ಆ ಒಂದು ಮಧ್ಯಾಹ್ನ ಕರಗಿಹೋಗುತ್ತದೆ. ಅಂಡಮಾನಿಗೆ ಹೋದವರು ಸ್ವರಾಜ್ ದ್ವೀಪದಿಂದ ಹಿಂದಿನ ದಿನವೇ ಹೊರಟು ಶ್ರೀ ವಿಜಯಪುರಂನಲ್ಲಿ, ಅಂದರೆ ಹಳೆಯ ಪೋರ್ಟ್ ಬ್ಲೇರ್‌ನಲ್ಲಿ, ಒಂದು ರಾತ್ರಿ ಕಳೆಯಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಸ್ಕೂಬಾ ಡೈವಿಂಗ್ ಮಾಡುವವರಿಗೆ ಇನ್ನೊಂದು ಕಾರಣವೂ ಇದೆ. ಡೈವ್ ಮಾಡಿದ ಮೇಲೆ ವಿಮಾನ ಹತ್ತುವ ಮೊದಲು ಸಾಮಾನ್ಯವಾಗಿ 18 ಗಂಟೆಗಳಿಂದ ಒಂದು ದಿನ ಬಿಡಬೇಕು ಎನ್ನುತ್ತಾರೆ. ನಿಮ್ಮ ಬೋಧಕರು ಹೆಚ್ಚು ಹೇಳಿದರೆ ಅವರ ಮಾತೇ ಸರಿ.

ಹಾಗಾದರೆ ಮೊದಲ ಸಲಕ್ಕೆ ಯಾವ ದ್ವೀಪ? ವಿಮಾನವೇ ಇಳಿಯುವ ದ್ವೀಪ, ಇಲ್ಲವೇ ಸೇತುವೆ ಇರುವ ದ್ವೀಪ. ಮಾರಿಷಸ್, ಶ್ರೀಲಂಕಾ, ಬಾಲಿ, ಮಾಲ್ಟಾ, ಮಲೇಷ್ಯಾದ ಲಂಕಾವಿ, ವಿಯೆಟ್ನಾಮಿನ ಫು ಕ್ವೊಕ್. ಇಲ್ಲೆಲ್ಲ ವಿಮಾನದಿಂದ ಇಳಿದು ಕಾರು ಹತ್ತಿದರೆ ಆಯಿತು. ಫುಕೆಟ್ ದ್ವೀಪಕ್ಕೆ ಮುಖ್ಯಭೂಮಿಯಿಂದ ಸೇತುವೆ ಇದೆ, ಪೆನಾಂಗಿಗೆ 1985ರಿಂದ ಇದೆ. ರಾಮೇಶ್ವರವೂ ದ್ವೀಪವೇ. ಪಾಂಬನ್ನಿನ ರಸ್ತೆ ಸೇತುವೆ ಬಂದದ್ದು 1988ರಲ್ಲಿ. ಅಲ್ಲಿಗೆ ಹೋಗಿ ಬಂದವರು ದ್ವೀಪ ನೋಡಿಯೇ ಇಲ್ಲ ಎಂದು ನನಗೆ ಹೇಳುವುದುಂಟು! ಇಂಥ ಕಡೆ ಸಣ್ಣ ದ್ವೀಪದ ಆಸೆಯಿದ್ದರೆ ಒಂದು ಹಗಲು ದೋಣಿಯಲ್ಲಿ ಹೋಗಿ ಸಂಜೆ ಅದೇ ಕೋಣೆಗೆ ಮರಳಬಹುದು. ಪೆಟ್ಟಿಗೆಗಳು ಕೋಣೆಯಲ್ಲೇ ಇರುತ್ತವೆ, ಅಜ್ಜಿಗೆ ಬೇಡವೆನಿಸಿದರೆ ಅಜ್ಜಿಯೂ ಕೋಣೆಯಲ್ಲೇ ಇರಬಹುದು. ಹವಾಯಿಯಂಥ ಕಡೆ ಮುಖ್ಯ ದ್ವೀಪಗಳ ನಡುವೆ ಹೆಚ್ಚಾಗಿ ವಿಮಾನವೇ ಗತಿ. ಅಲ್ಲಂತೂ ಒಂದನ್ನು ಆರಿಸಿಕೊಂಡು ಸುಮ್ಮನಿರಿ. ಲಕ್ಷದ್ವೀಪಕ್ಕೆ ಪ್ರವೇಶದ ಪರವಾನಗಿ ಮೊದಲು, ಮಿಕ್ಕದ್ದೆಲ್ಲ ಆಮೇಲೆ. ಪರವಾನಗಿ ಕೈಗೆ ಬರುವ ಮೊದಲು ಹಿಂದಿರುಗಿಸಲಾಗದ ಟಿಕೆಟ್ ಕೊಳ್ಳಬೇಡಿ.

ಋತುವಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಆದರೆ ಒಂದೇ ದೇಶಕ್ಕೆ ಒಂದೇ ಮಳೆಗಾಲ ಎಂದುಕೊಳ್ಳಬೇಡಿ. ಫುಕೆಟ್ ಕಡೆ ಮಳೆ ಸಾಮಾನ್ಯವಾಗಿ ಮೇ ತಿಂಗಳಿಂದ ಅಕ್ಟೋಬರಿನವರೆಗೆ. ಅದೇ ದೇಶದ ಇನ್ನೊಂದು ಕರಾವಳಿಯ ಸಮುಯಿಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಮಳೆಗಾಲದಲ್ಲಿ ಕೋಣೆ ಅಗ್ಗ ಎಂಬುದು ನಿಜ. ವಿಮಾನ ಇಳಿಯುವ ದ್ವೀಪವಾದರೆ ಆ ಅಗ್ಗವನ್ನು ಧೈರ್ಯವಾಗಿ ಬಳಸಿಕೊಳ್ಳಿ. ದೋಣಿಯೊಂದನ್ನೇ ನಂಬಿದ ದ್ವೀಪವಾದರೆ ನಾನು ಒಪ್ಪುವುದಿಲ್ಲ.

ವಯಸ್ಸಾದವರನ್ನು ಕರೆದೊಯ್ಯುವವರು ದೋಣಿಯವರನ್ನು ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಇಳಿಯುವುದು ಎಲ್ಲಿ? ಜೆಟ್ಟಿಗೋ, ಮೊಣಕಾಲುದ್ದ ನೀರಿಗೋ? ಸಣ್ಣ ಸ್ಪೀಡ್‌ಬೋಟುಗಳು ಎಷ್ಟೋ ಕಡೆ ನೀರಿಗೇ ಇಳಿಸುತ್ತವೆ. ಮಂಡಿ ನೋವಿನ ಎಪ್ಪತ್ತರ ತಾಯಿಯೊಬ್ಬರನ್ನು ಇಬ್ಬರು ಹುಡುಗರು ಕುರ್ಚಿಯ ಸಮೇತ ಎತ್ತಿ ದಡಕ್ಕೆ ಇಳಿಸಿದ್ದರಂತೆ. ಆ ತಾಯಿ ಬಂದು ನನಗೆ ಇದನ್ನು ನಗುನಗುತ್ತಲೇ ಹೇಳಿದರು, ಮಗ ಮಾತ್ರ ನಗಲಿಲ್ಲ. ವಾಂತಿಯ ಮಾತ್ರೆಯನ್ನು ದೋಣಿ ಓಲಾಡಲು ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಅರ್ಧ ಮುಕ್ಕಾಲು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ಯಾವುದು, ಎಷ್ಟು ಎಂಬುದನ್ನು ಹೊರಡುವ ಮುನ್ನ ವೈದ್ಯರನ್ನೇ ಕೇಳಿ, ನನ್ನನ್ನಲ್ಲ. ಕುಳಿತುಕೊಳ್ಳಲು ದೋಣಿಯ ಮುಂಭಾಗಕ್ಕಿಂತ ನಡು ಮತ್ತು ಹಿಂಭಾಗ ಉತ್ತಮ, ಅಲ್ಲಿ ಎತ್ತಿ ಒಗೆತ ಕಡಿಮೆ. ಸಮುದ್ರ ಬಹುತೇಕ ಕಡೆ ಮಧ್ಯಾಹ್ನಕ್ಕಿಂತ ಬೆಳಿಗ್ಗೆ ಶಾಂತ, ಆದ್ದರಿಂದ ಆಯ್ಕೆಯಿದ್ದರೆ ಮೊದಲ ದೋಣಿ.

ಕೊನೆಯದಾಗಿ ಪ್ರಯಾಣ ವಿಮೆ. ವಿಮೆ ಮಾಡಿಸಿದ್ದೇವೆ, ದೋಣಿ ರದ್ದಾದರೂ ಚಿಂತೆಯಿಲ್ಲ ಎನ್ನುವವರು ಈಚೆಗೆ ಹೆಚ್ಚಾಗಿದ್ದಾರೆ. ಆದರೆ ಪಾಲಿಸಿಯಲ್ಲಿ ವಿಮಾನ ತಡವಾದರೆ ಎಂದು ಬರೆದಿದ್ದ ಮಾತ್ರಕ್ಕೆ ದೋಣಿಯೂ ಅದರಲ್ಲಿ ಸೇರಿದೆ ಎಂದು ಅರ್ಥವಲ್ಲ. ಕೆಲವದರಲ್ಲಿ ಸಾರ್ವಜನಿಕ ಸಾರಿಗೆ ಎಂಬ ಮಾತಿನೊಳಗೆ ದೋಣಿ ಬರುತ್ತದೆ, ಕೆಲವದರಲ್ಲಿ ಬರುವುದಿಲ್ಲ. ಕೆಲವದರಲ್ಲಿ ಬಂದರೂ ಸಂಪರ್ಕ ವಿಮಾನಕ್ಕೆ ಇಷ್ಟು ಗಂಟೆ ಅಂತರ ಇಟ್ಟಿರಬೇಕು ಎಂಬ ಷರತ್ತು ಇರುತ್ತದೆ. ಫೋನಿನಲ್ಲಿ ಹೌದು ಸಾರ್ ಎಂದು ಹೇಳಿದರೆ ಸಾಲದು. ನಿಮ್ಮ ಪ್ರಶ್ನೆಯನ್ನು ಇಮೇಲಿನಲ್ಲಿ ಕಳುಹಿಸಿ, ಉತ್ತರವನ್ನೂ ಇಮೇಲಿನಲ್ಲೇ ತರಿಸಿಕೊಂಡು ಮುದ್ರಿಸಿ ಇಟ್ಟುಕೊಳ್ಳಿ. ದೋಣಿ ರದ್ದಾದ ದಿನ ಜೆಟ್ಟಿಯ ಕಿಟಕಿಯಲ್ಲಿ ರದ್ದತಿಯ ಚೀಟಿ ಕೇಳಿ ಪಡೆಯುವುದನ್ನೂ ಮರೆಯಬೇಡಿ. ಅದಿಲ್ಲದಿದ್ದರೆ ನಾನು ನಿಮ್ಮ ಪರವಾಗಿ ಎಷ್ಟು ಪತ್ರ ಬರೆದರೂ ಹಣ ಬರುವುದು ಕಷ್ಟ.